ಗಾಜಿನ ಕಟ್ಟಡದಲ್ಲಿ ಒಡೆದ ಉಂಡಿ

ಹುರಿದ ಶೇಂಗಾ ಇನ್ನೂ ಬಿಸಿ ಇತ್ತು. ಶೈಲಮ್ಮ ಅದನ್ನು ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಹಿಲ್ಸ್‌ಬರೋದ ರೇಣಕ್ಕನ ಅಡಿಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ಅಂಗೈಯಿಂದ ಒತ್ತಿ ಒತ್ತಿ ಉಜ್ಜುತ್ತಿದ್ದಳು. ಒಳಗೆ ಸಿಪ್ಪೆ ಬಿಡುವ ಸದ್ದು ಚರಚರ ಎನ್ನುತ್ತಿತ್ತು.

ಶುಕ್ರವಾರ ರೇಣಕ್ಕನಿಗೆ ಹೃದಯದ ಕವಾಟದ ಆಪರೇಷನ್. ಆಸ್ಪತ್ರೆಯ ಸಪ್ಪೆ ಊಟಕ್ಕೆ ಕಲಸಿಕೊಳ್ಳಲು ಒಂದಿಷ್ಟು ಶೇಂಗಾ ಹಿಂಡಿ, ಖಾರದ ಚಟ್ನಿಪುಡಿ, ಇರಲಿ ಎಂದು ಶೈಲಮ್ಮ ಈ ಕೆಲಸ ಹಚ್ಚಿಕೊಂಡಿದ್ದಳು. ಉಪ್ಪು ಅರ್ಧಕ್ಕರ್ಧ ಇಳಿಸಬೇಕೆಂದು ಡಾಕ್ಟರರ ಅಪ್ಪಣೆ. ಉಪ್ಪಿಲ್ಲದ ಹಿಂಡಿ ತಿನ್ನುವುದಕ್ಕಿಂತ ಆಪರೇಷನ್ನೇ ವಾಸಿ ಎಂದು ರೇಣಕ್ಕನ ತಕರಾರು.

ಆದರೆ ಅವಳಿಗೆ ಶುಕ್ರವಾರದೊಳಗೆ ನಿಜವಾಗಿ ಬೇಕಾದದ್ದು ಹಿಂಡಿಯಲ್ಲ. ಆಂಟಿಗುವಾ ದ್ವೀಪಕ್ಕೆ ಡಾಕ್ಟರಿಕೆ ಓದಲು ಹೋಗಿ, ಹನ್ನೊಂದು ವರ್ಷದ ಹಿಂದೆ ಫೋನು ನಿಲ್ಲಿಸಿ, ಕಾಲೇಜೂ ಬಿಟ್ಟು ಕಾಣೆಯಾದ ಮಗಳು ಸೌಜನ್ಯಾ ಇದ್ದಾಳೋ ಇಲ್ಲವೋ ಎಂಬ ಒಂದು ಮಾತು. ಹದಿನೈದು ದಿನದ ಹಿಂದೆ ಶೈಲಮ್ಮನ ಕೈ ಹಿಡಿದು ಕೇಳಿದ್ದಳು.

"ಇದ್ದಾಳ ಅನ್ನು, ಇಲ್ಲಾ ಇಲ್ಲ ಅನ್ನು. ಎರಡರಾಗ ಒಂದು. ನಡುವ ತೂಗಾಡಕೋತ ಆ ಟೇಬಲ್ಲಿನ ಮ್ಯಾಲೆ ಮಲಗಾಕ ನನ್ನ ಕೈಲೆ ಆಗೂದಿಲ್ಲ."

ಅಮೆರಿಕದ ನೆವಾರ್ಕಿನ ವಿಮಾನ ನಿಲ್ದಾಣದಲ್ಲಿ, ತಪ್ಪಿಹೋದ ಸಾಮಾನು ಹುಡುಕಿಕೊಡುವ ಕೌಂಟರಿನ ಹಿಂದೆ ಇಪ್ಪತ್ತೆರಡು ವರ್ಷ ಕೂತು ನಿವೃತ್ತಳಾದವಳು ಶೈಲಮ್ಮ. ಮೆಟುಚೆನ್ನಿನ ಅವಳ ಮನೆಗೆ ಕನ್ನಡದ ಮಂದಿಯ ಫೋನು ನಿಂತದ್ದೇ ಇಲ್ಲ. ಬಳೆ ಕಳೆದರೂ ಅವಳೇ, ಬಾಡಿಗೆದಾರ ಕಳೆದರೂ ಅವಳೇ. ಪೊಲೀಸರಂತೂ ಸೌಜನ್ಯಾಳ ವಿಷಯದಲ್ಲಿ ಎಂದೋ ಕೈ ತೊಳೆದುಕೊಂಡಿದ್ದರು. ವಯಸ್ಸಿಗೆ ಬಂದ ಹೆಣ್ಣು, ತಾನಾಗಿ ಕಾಲೇಜು ಬಿಟ್ಟಿದ್ದಾಳೆ, ನಾವೇನು ಮಾಡೋಣ ಎಂದಿದ್ದರು.

ಹೋದ ವಾರದವರೆಗೂ ಶೈಲಮ್ಮನ ಕಣ್ಣು ಮೃತ್ಯುಂಜಯನ ಮೇಲಿತ್ತು. ರೇಣಕ್ಕನ ತೀರಿಹೋದ ಗಂಡ ಮುರುಗೆಪ್ಪನವರ ಗೆಳೆಯ ಅವನು. ಆ ಸೀಟು ಕೊಡಿಸಿದವನೂ ಅವನೇ. ಎರಡು ಸಲ ಮಾತಾಡಿಸಿದರೂ ಅವನಿಂದ ಹಿಡಿಯಲು ಒಂದು ಎಳೆಯೂ ಸಿಕ್ಕಿರಲಿಲ್ಲ.

ರೇಣಕ್ಕ ಕುರ್ಚಿಯಲ್ಲಿ ಕೂತು, ಶೇಂಗಾದ ಗಂಟನ್ನೇ ನೋಡುತ್ತಿದ್ದಳು. ಮಗಳು ಹೋದ ಮೇಲೆ ಈ ಮನೆಯಲ್ಲಿ ಇಷ್ಟು ಶೇಂಗಾ ಹುರಿದದ್ದು ಒಂದೇ ಸಲ ಎಂದಳು. ಶ್ರಾವಣದ ನಾಗಪಂಚಮಿಗೆ ಉಂಡಿ ಕಟ್ಟುವುದನ್ನೇ ಅವಳು ಬಿಟ್ಟಿದ್ದಳು. ತವರಿಗೆ ಬರುವ ಮಗಳಿಲ್ಲ, ಕರೆಯಲು ಹೋಗುವ ಅಣ್ಣನಿಗೆ ದಾರಿಯಿಲ್ಲ, ಉಂಡಿ ಕಟ್ಟಿ ಯಾರ ಕೈಗೆ ಕೊಡುವುದು? ಒಂದು ವರ್ಷ ಮಾತ್ರ ಮಗ ಬಸವಪ್ರಸಾದ್ ತಾನಾಗಿ ಬಂದು ಕೇಳಿದ್ದನಂತೆ.

ಶೈಲಮ್ಮನ ಕೈ ನಿಂತಿತು.

"ಯಾವ ವರ್ಷ ಅಕ್ಕಾ?"

"ಇವರಿಗೆ ಮೊದಲನೇ ಸ್ಟೆಂಟು ಹಾಕಿದ ವರ್ಷ. ಎರಡು ಸಾವಿರದ ಹದಿನಾರು. ಆಫೀಸಿನ್ಯಾಗ ಹಂಚೂದೈತಿ ಅಂದ. ಬಿಳೇ ಮಂದಿ ಉಂಡಿ ತಿಂತಾರೇನೋ ಅಂದ್ರ ನಕ್ಕ. ಸ್ಟೀಲಿನ ಡಬ್ಬಿ ತುಂಬ ಒಯ್ದ. ಡಬ್ಬಿ ತಿರುಗಿ ಬರಲೇ ಇಲ್ಲ ನೋಡು."

ಶೈಲಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಚೀಲದಿಂದ ನೋಟ್‌ಬುಕ್ಕು ತೆಗೆದಳು. ಭಾನುವಾರ ಬಸವಪ್ರಸಾದ್ ಫೋನಿನಲ್ಲಿ ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಂಡಿದ್ದಳು. ಕೌಂಟರಿನ ಅಭ್ಯಾಸ ಅದು. ಚೀಲದೊಳಗೆ ಏನಿತ್ತು ಎಂಬುದರಲ್ಲಿ ಜನ ಸುಳ್ಳು ಹೇಳುತ್ತಾರೆ. ಚೀಲದ ಜಿಪ್ಪಿನ ಬಣ್ಣದಲ್ಲಿ ಹೇಳುವುದಿಲ್ಲ. ಸಣ್ಣ ಸಂಗತಿಗಳು ನಿಜವನ್ನು ಹೊತ್ತುಕೊಂಡೇ ಹೊರಬೀಳುತ್ತವೆ.

ಪುಟದಲ್ಲಿ ಹೀಗಿತ್ತು: *೨೦೧೪ರ ಜನವರಿ. ತಂಗಿಯನ್ನು ಹುಡುಕಲು ಅಪ್ಪನ ಜೊತೆ ಆಂಟಿಗುವಾಕ್ಕೆ ಹೋದದ್ದು. ಒಂದೇ ಸಲ. ಮತ್ತೆ ಹೋಗಿಲ್ಲ. ವಿಮಾನದ ಬಾಗಿಲಿಗೆ ಹಚ್ಚಿದ ಮುಚ್ಚಿದ ಸೇತುವೆಯೊಳಗೇ ನಡೆದು ಬಂದರೆ ದೊಡ್ಡ ಗಾಜಿನ ಹಾಲ್. ಕಸ್ಟಮ್ಸಿನವನು ಡಬ್ಬಿ ತೆಗೆಸಿ, ಒಂದು ಉಂಡಿ ಒಡೆಸಿ ನೋಡಿದ.*

ಆ ಗಾಜಿನ ಹಾಲ್ ಭಾನುವಾರವೇ ಅವಳ ಕಾಲಿಗೆ ತೊಡರಿತ್ತು. ನೆನಪು ಒಂದಕ್ಕೊಂದು ಕಲಸಿರಬೇಕು, ಪಾಪ, ಎಂದು ದಾಟಿ ಮುಂದೆ ಹೋಗಿದ್ದಳು. ಉಂಡಿಯ ಕಡೆ ಗಮನವೇ ಹೋಗಿರಲಿಲ್ಲ. ಉತ್ತರ ಕರ್ನಾಟಕದ ಮನೆಯಲ್ಲಿ ಹುಟ್ಟಿದವಳಿಗೆ ತಿಳಿಯಬೇಕಿತ್ತು.

"ಅಕ್ಕಾ, ಆ ಜನವರಿ ಅಪ್ಪ ಮಗ ಇಬ್ಬರೂ ಹುಡುಕಾಕ ಹೋದ್ರಲ್ಲ, ಅವತ್ತು ಏನು ಕಟ್ಟಿಕೊಟ್ಟಿದ್ರಿ?"

ಏನು ಕಟ್ಟುವುದು, ಎರಡು ದಿನದಿಂದ ಒಲೆಯನ್ನೇ ಹಚ್ಚಿರಲಿಲ್ಲ ಎಂದಳು ರೇಣಕ್ಕ. ಸಂಕ್ರಮಣದ ಎಳ್ಳನ್ನೂ ಮಾಡಿರಲಿಲ್ಲ. ಬ್ರೆಡ್ಡಿನ ಪೊಟ್ಟಣ ತೆಗೆದುಕೊಂಡು ಹೋಗಿದ್ದರು. ಅಲ್ಲಿ ವಿಮಾನದ ಮೆಟ್ಟಿಲು ಇಳಿಯುವಾಗ ಇವರ ಮೊಣಕಾಲು ಹಿಡಿದುಕೊಂಡು, ಯಾರೋ ಪುಣ್ಯಾತ್ಮ ಕೈಕೊಟ್ಟು ಇಳಿಸಿದನಂತೆ. ಬಂದ ಮೇಲೆ ಅವರು ಹೇಳಿದ ಮಾತು ಅದೊಂದೇ. ಮಗಳ ವಿಷಯ ಒಂದಕ್ಷರ ಆಡಲಿಲ್ಲ.

ಶೈಲಮ್ಮ ಎದ್ದು ಹೋಗಲಿಲ್ಲ. ಸಿಪ್ಪೆ ತೂರಿದಳು. ಬೆಳ್ಳುಳ್ಳಿ, ಖಾರದ ಪುಡಿ, ಅರ್ಧ ಉಪ್ಪು ಹಾಕಿ ಕುಟ್ಟಿ, ಬಾಟಲಿಗೆ ತುಂಬಿ, ಮುಚ್ಚಳ ಬಿಗಿದಳು. ಆಮೇಲೆ ಕೋಟು ಹಾಕಿಕೊಂಡಳು.

"ಏನರ ಸಿಕ್ತೇನು ತಂಗಿ?" ಎಂದು ಬಾಗಿಲವರೆಗೆ ಬಂದು ಕೇಳಿದಳು ರೇಣಕ್ಕ.

"ಇನ್ನೂ ಇಲ್ಲಕ್ಕ."

ಆ ಸುಳ್ಳು ಕಾರಿನೊಳಗೂ ಬಾಯಲ್ಲಿ ಕಹಿಯಾಗಿ ಉಳಿಯಿತು.

*

ಹಿಲ್ಸ್‌ಬರೋದಿಂದ ಬಸವಪ್ರಸಾದ್ ಇರುವ ಫೋರ್ಟ್ ಲೀಗೆ ಒಂದು ಗಂಟೆಯ ಮೇಲಿನ ದಾರಿ. ಶೈಲಮ್ಮ ಬಲಗಡೆಯ ಲೇನ್ ಬಿಡದೆ, ಲಾರಿಗಳ ಹಿಂದೆ ನಿಧಾನ ಸಾಗಿದಳು.

ಆ ದ್ವೀಪವನ್ನು ಅವಳು ಕಣ್ಣಾರೆ ಕಂಡವಳಲ್ಲ. ಆದರೆ ಅದರ ವಿಮಾನ ನಿಲ್ದಾಣ ಅವಳಿಗೆ ತನ್ನ ಅಡಿಗೆಮನೆಯಷ್ಟು ಗೊತ್ತಿತ್ತು. ವಾರಕ್ಕೆ ನಾಲ್ಕು ಸಲವಾದರೂ ಅಲ್ಲಿಗೆ ಫೋನು ಹೋಗುತ್ತಿತ್ತು. ರಾಜಧಾನಿ ಸೇಂಟ್ ಜಾನ್ಸ್‌ನಿಂದ ನಾಲ್ಕೈದು ಮೈಲಿ ದೂರ, ದ್ವೀಪದ ಈಶಾನ್ಯದ ಅಂಚು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಮಾಡಿಕೊಂಡ ನೆಲೆ ಅದು. ಆಗ ಅದಕ್ಕೆ ಕೂಲಿಡ್ಜ್ ಎಂದು ಹೆಸರು. ಸೈನ್ಯ ಹೋದ ಮೇಲೆ ಊರಿನವರಿಗೆ ಉಳಿದು, ಎಂಬತ್ತರ ದಶಕದಲ್ಲಿ ಆ ದೇಶದ ಮೊದಲ ಪ್ರಧಾನಿ ವಿ. ಸಿ. ಬರ್ಡ್ ಅವರ ಹೆಸರು ಹೊತ್ತುಕೊಂಡಿತು. ಮಗ್ಗುಲಲ್ಲೇ ಕ್ರಿಕೆಟ್ ಮೈದಾನ.

ಲಂಡನ್, ಟೊರಾಂಟೊ, ನ್ಯೂಯಾರ್ಕ್‌ಗಳ ದೊಡ್ಡ ವಿಮಾನಗಳು ಅಲ್ಲಿ ಬಂದಿಳಿಯುತ್ತವೆ. ಅಲ್ಲಿಂದ ಪುಟಾಣಿ ವಿಮಾನಗಳು ಸುತ್ತಲ ದ್ವೀಪಗಳಿಗೆ ಗುಬ್ಬಿಗಳ ಹಾಗೆ ಹಾರುತ್ತವೆ. ದೊಡ್ಡದನ್ನಿಳಿದು ಪುಟಾಣಿಯ ಕಡೆ ಓಡುವ ಭರದಲ್ಲಿ ಜನ ಚೀಲ ಮರೆಯುತ್ತಿದ್ದರು. ಆ ಚೀಲಗಳ ಸಲುವಾಗಿಯೇ ಆ ಕಡೆಯ ಕೌಂಟರಿನ ಐವಿ ಎಂಬಾಕೆಗೂ ಶೈಲಮ್ಮನಿಗೂ ಸ್ನೇಹ ಬೆಳೆದದ್ದು. ಮುಖ ನೋಡದ ಸ್ನೇಹ. ಐವಿಯ ಮೊಮ್ಮಗನಿಗೆ ಹಲ್ಲು ಬಂದದ್ದು, ಶೈಲಮ್ಮನ ಗಂಡ ತೀರಿಕೊಂಡದ್ದು, ಎಲ್ಲವೂ ಚೀಲದ ನಂಬರುಗಳ ನಡುವೆಯೇ ಆಡಿಕೊಂಡ ಮಾತು.

ಹಳೆಯ ಕಟ್ಟಡ ತಗ್ಗಿನದು ಎಂದು ಐವಿ ಹೇಳುತ್ತಿದ್ದಳು. ವಿಮಾನದ ಮೆಟ್ಟಿಲಿಳಿದು, ಬಿಸಿಲಿಗೆ ಕಾದ ನೆಲದ ಮೇಲೆ ನಡೆದುಕೊಂಡೇ ಒಳಗೆ ಬರಬೇಕು. ಆಮೇಲೆ ಪಕ್ಕದಲ್ಲಿ ಹೊಸದು ಎದ್ದಿತು. ಐವಿಯ ಫೋನಿನ ಹಿಂದೆ ಬಹಳ ದಿನ ಯಂತ್ರಗಳ ಗುಡುಗು ಕೇಳುತ್ತಿತ್ತು. ೨೦೧೫ರ ಆಗಸ್ಟಿನಲ್ಲಿ ಅದು ತೆರೆಯಿತು. ಇನ್ನು ಮೇಲೆ ನಮ್ಮ ಮಂದಿ ಬಿಸಿಲು ಮುಟ್ಟದೆ ವಿಮಾನದ ಬಾಗಿಲಿಂದ ಸೀದಾ ಒಳಗೆ ಬರುತ್ತಾರೆ ಎಂದು ಐವಿ ಮದುವೆಮನೆಯ ಸಡಗರದಲ್ಲಿ ವರದಿ ಒಪ್ಪಿಸಿದ್ದಳು.

ಎಂದ ಮೇಲೆ ೨೦೧೪ರ ಜನವರಿಯಲ್ಲಿ ಬಸವಪ್ರಸಾದ್ ಆ ಸೇತುವೆಯೊಳಗೆ ನಡೆದದ್ದು ಹೇಗೆ?

ಪ್ರಶ್ನೆಗಿಂತ ಬೇರೊಂದು ನೋವು ಶೈಲಮ್ಮನನ್ನು ಹೆಚ್ಚು ಕುಕ್ಕುತ್ತಿತ್ತು. ಮಗಳು ಕಾಣೆಯಾದ ಆ ವರ್ಷವೇ ರೇಣಕ್ಕ ಬಸವ ಜಯಂತಿಯ ಊಟದಲ್ಲಿ ಪಕ್ಕಕ್ಕೆ ಕರೆದು ಕೇಳಿಕೊಂಡಿದ್ದಳು: ನೀನು ದಿನಾ ಆ ಊರಿಗೆ ಫೋನು ಮಾಡುವವಳು, ಯಾರನ್ನಾದರೂ ಒಂದು ಮಾತು ಕೇಳಬಾರದೇ? ಪ್ರಯಾಣಿಕರ ವಿಷಯ ಕೇಳುವುದು ರೂಲ್ಸಿಗೆ ವಿರುದ್ಧ ಎಂದಿದ್ದಳು ಶೈಲಮ್ಮ. ಚೀಲಗಳ ಬಗ್ಗೆ ಲಕ್ಷ ಮಾತಾಡಿದ ಆ ಫೋನಿನಲ್ಲಿ ಒಂದು ಹುಡುಗಿಯ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ರೂಲ್ಸು ಮುರಿದಿದ್ದರೆ ಯಾರು ನೇಣಿಗೆ ಹಾಕುತ್ತಿದ್ದರು?

*

ಹತ್ತೊಂಬತ್ತನೇ ಮಹಡಿ. ಕಿಟಕಿಯ ತುಂಬ ಜಾರ್ಜ್ ವಾಷಿಂಗ್ಟನ್ ಸೇತುವೆ. ಬಸವಪ್ರಸಾದ್ ಕೊರಳಲ್ಲಿ ಹೆಡ್‌ಫೋನು ನೇತುಹಾಕಿಕೊಂಡೇ ಬಾಗಿಲು ತೆರೆದ. ನಲವತ್ತಾರು ವಯಸ್ಸು, ಕಿವಿಯ ಹತ್ತಿರ ನರೆ. ಹೆಂಡತಿ ಕ್ಲಿನಿಕ್ಕಿಗೆ ಹೋಗಿದ್ದಳು. ಬುಧವಾರ ತನಗೆ ಮನೆಯಿಂದಲೇ ಕೆಲಸ, ಹತ್ತು ನಿಮಿಷ ಬಿಡುವು ಮಾಡಿಕೊಳ್ಳಬಲ್ಲೆ ಎಂದ. ಚಹಾ ಮಾತ್ರ ಚೆನ್ನಾಗಿ ಮಾಡಿ ತಂದ.

"ಆಂಟಿ, ಐ ಟೋಲ್ಡ್ ಯೂ ಎವ್ರಿಥಿಂಗ್ ಆನ್ ಸಂಡೇ. ಇನ್ನೇನು ಉಳಿದಿದೆ?"

"ವಯಸ್ಸಾತಪ್ಪ, ಬರಕೊಂಡದ್ದೂ ಮರೀತೀನಿ. ಅಲ್ಲಿ ಇಳಿದದ್ದು ಇನ್ನೊಮ್ಮೆ ಹೇಳು."

ಅವನು ಹೇಳಿದ. ಅದೇ ಗಾಜು, ಅದೇ ಹಾಲ್, ಅದೇ ಕಸ್ಟಮ್ಸಿನವನು. ಎರಡನೆಯ ಸಲವೂ ಅಷ್ಟೇ ಸಲೀಸಾಗಿ ಬಂತು. ಕಂಡದ್ದನ್ನು ಹೇಳುತ್ತಿದ್ದ, ಅದರಲ್ಲಿ ಸಂಶಯವಿರಲಿಲ್ಲ.

"ಇಳಿಯುವಾಗ ಮೆಟ್ಟಿಲಿದ್ವೇನು?"

"ಮೆಟ್ಟಿಲಾ? ಇಲ್ಲ. ಜೆಟ್ ಬ್ರಿಜ್ ಇತ್ತಲ್ಲ."

"ನಿಮ್ಮ ಅಪ್ಪಾಜಿಗೆ ಮೆಟ್ಟಿಲ ಮ್ಯಾಲೆ ಮೊಣಕಾಲು ಹಿಡಕೊಂಡಿತ್ತಂತ. ಯಾರೋ ಕೈ ಹಿಡಿದು ಇಳಿಸಿದರಂತ. ನಿಮ್ಮವ್ವಗ ಇನ್ನೂ ನೆನಪೈತಿ."

ಅವನ ಕೈಯ ಕಪ್ಪು ಅರ್ಧ ದಾರಿಯಲ್ಲಿ ನಿಂತಿತು.

"ಅಪ್ಪಾಜಿ ಇಳಿದದ್ದು ಹಳೇ ಕಟ್ಟಡದಾಗ," ಎಂದಳು ಶೈಲಮ್ಮ. "ನೀ ಹೇಳೂದು ಹೊಸಾದು. ಅದು ತೆರೆದದ್ದು ಒಂದೂವರೆ ವರ್ಷ ಆದಮ್ಯಾಲೆ. ನೀ ಎರಡು ಸಲ ಹೋಗೀಯಪ್ಪ."

"ಆಂಟಿ, ಇಟ್ಸ್ ಬೀನ್ ಸೋ ಲಾಂಗ್. ಯಾವುದೋ ಬೇರೆ ಏರ್‌ಪೋರ್ಟ್ ಮಿಕ್ಸ್ ಆಗಿರಬಹುದು."

"ಆಗಬಹುದು. ಉಂಡಿ?"

"ಏನು ಉಂಡಿ?"

"ಜನವರಿಯಾಗ ಉಂಡಿ ಯಾರು ಕಟ್ತಾರ, ಪ್ರಸಾದ?"

ಅವನು ಎದ್ದು ಕಿಟಕಿಯ ಹತ್ತಿರ ಹೋದ. ಕೆಳಗೆ ಸೇತುವೆಯ ಮೇಲೆ ಕಾರುಗಳು ಇರುವೆಸಾಲಾಗಿ ಮ್ಯಾನ್‌ಹಟನ್ ಕಡೆ ತೆವಳುತ್ತಿದ್ದವು. ಲ್ಯಾಪ್‌ಟಾಪಿನಲ್ಲಿ ಯಾರೋ ಅವನ ಹೆಸರು ಎರಡು ಸಲ ಕರೆದರು. ಹೆಡ್‌ಫೋನು ತೆಗೆದು ಸೋಫಾದ ಮೇಲೆ ಒಗೆದ.

ಶೈಲಮ್ಮ ಕಾದಳು. ಕಾಯುವುದೊಂದನ್ನು ಕೌಂಟರು ಚೆನ್ನಾಗಿ ಕಲಿಸಿತ್ತು.

"ಅಕಿನಽ ಫೋನ್ ಮಾಡಿದ್ಲು," ಎಂದ ಕೊನೆಗೆ. ಅಷ್ಟು ಹೊತ್ತೂ ಬೆಂಗಳೂರಿನ ಕನ್ನಡಕ್ಕೆ ಇಂಗ್ಲಿಷು ಬೆರೆಸಿ ಮಾತಾಡಿದವನ ಬಾಯಲ್ಲಿ ಮನೆಯ ಮಾತು ಬಂದಿತ್ತು. "ಆಫೀಸಿಗೆ. ಎರಡೂವರೆ ವರ್ಷ ಆದಮ್ಯಾಲೆ. ನಾ ಹಲೋ ಅಂದೆ. ಅಕಿ ಏನಂದ್ಲು ಗೊತ್ತೇನು? 'ಅಣ್ಣಾ, ಪಂಚಮಿ ಬಂತು. ಕರಿಯಾಕ ಯಾರೂ ಬರೂದಿಲ್ಲೇನು?'"

ಮುಂದಿನದನ್ನು ಅವನು ಕಿಟಕಿಗೆ ಮುಖ ಮಾಡಿಕೊಂಡೇ ಹೇಳಿದ.

ಸೌಜನ್ಯಾ ಎರಡನೇ ವರ್ಷದಲ್ಲಿ ಎರಡು ಸಲ ಫೇಲಾಗಿದ್ದಳು. ಅಷ್ಟರಲ್ಲಿ ಅಪ್ಪಾಜಿ ಇಲ್ಲಿ ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ "ನಮ್ಮ ಡಾಕ್ಟರು" ಎಂದು ಮಗಳ ಫೋಟೋ ಕಂಡಕಂಡವರಿಗೆಲ್ಲ ತೋರಿಸಿ ಆಗಿತ್ತು. ಕಾಲೇಜು ಬಿಟ್ಟ ಹುಡುಗಿ ಮನೆಗೆ ಮುಖ ತೋರಿಸಲಾರದೆ ಅಲ್ಲೇ ಉಳಿದಳು. ಊರಿನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಳು. ಹೊಸ ನಿಲ್ದಾಣ ತೆರೆದ ಮೇಲೆ ಅಲ್ಲಿ ಬಂದವರಿಗೆ ದಾರಿ ಹೇಳುವ ಕೌಂಟರಿನಲ್ಲಿ ಕೆಲಸ ಸಿಕ್ಕಿತು.

ಅವನು ಅಮ್ಮನಿಂದ ಉಂಡಿ ಕಟ್ಟಿಸಿಕೊಂಡು, ಮನೆಯಲ್ಲಿ ಯಾರಿಗೂ ಹೇಳದೆ, ಪಂಚಮಿಯ ಹಿಂದಿನ ದಿನ ಹೋಗಿ ಇಳಿದ. ಕಸ್ಟಮ್ಸು ದಾಟಿ ಹೊರಬಂದರೆ ಎದುರಿಗೇ ನಿಂತಿದ್ದಳು. ನೀಲಿ ಸ್ಕರ್ಟು, ಎದೆಯ ಮೇಲೆ ಹೆಸರಿನ ಪಟ್ಟಿ. ಮುದುಕ ಮುದುಕಿಯರಿಬ್ಬರಿಗೆ ಬಾರ್ಬುಡಾಕ್ಕೆ ಹೋಗುವ ಸಣ್ಣ ವಿಮಾನ ಎಲ್ಲಿ ಹತ್ತಬೇಕೆಂದು ಹೇಳುತ್ತಿದ್ದಳು. ಅಣ್ಣನನ್ನು ಕಂಡೂ ಅವರನ್ನು ಬಿಟ್ಟು ಓಡಿ ಬರಲಿಲ್ಲ. ಪೂರ್ತಿ ಹೇಳಿ ಮುಗಿಸಿ, ಅವರನ್ನು ಕಳಿಸಿ, ಆಮೇಲೆ ಬಂದಳು.

"ನಮ್ಮ ಸೌಜು ಕೆಲಸಾ ಎಷ್ಟು ಚಂದ ಮಾಡ್ತಿದ್ಲು, ಆಂಟಿ. ಅದನ್ನರ ಅವ್ವಗ ಹೇಳಬೇಕಿತ್ತು ನಾ."

ಹೊರಗಿನ ಬೆಂಚಿನ ಮೇಲೆ ಕೂತು ಒಡೆದ ಉಂಡಿಯನ್ನೇ ಮೊದಲು ತಿಂದರಂತೆ. ಆದರೆ ಕರೆದರೆ ಅವಳು ಬರಲಿಲ್ಲ.

"ಯಾಕ?"

"ನೀ ಬಂದದ್ದು ಮನ್ಯಾಗ ಗೊತ್ತೇನು ಅಂತ ಕೇಳಿದ್ಲು. ಇಲ್ಲ ಅಂದೆ. 'ಕದ್ದು ತಂದ ಕರೆಗೆ ತವರಿಗೆ ಹ್ಯಾಂಗ ಬರ್ಲಿ ಅಣ್ಣಾ? ಅವ್ವ ಕರೀಲಿ, ಬರ್ತೀನಿ' ಅಂದ್ಲು. ಅಲ್ಲೇ ಕೂತು ಅವ್ವಗ ಪತ್ರ ಬರದು ಕೊಟ್ಲು."

ಶೈಲಮ್ಮ ಚಹಾದ ಕಪ್ಪನ್ನು ಕೆಳಗಿಟ್ಟಳು. ಪತ್ರ.

"ನಿಮ್ಮವ್ವಗ ಮುಟ್ಟಿಸಿದಿ?"

ಅವನು ಇಲ್ಲವೆಂದು ತಲೆಯಾಡಿಸಿದ. ಆ ಮನೆಯಲ್ಲಿ ಯಾವ ಕಾಗದ ಬಂದರೂ ಮೊದಲು ಅಪ್ಪಾಜಿಯ ಕೈಗೆ ಹೋಗುವುದು ರೂಢಿ, ಕರೆಂಟಿನ ಬಿಲ್ಲಾದರೂ ಸರಿ, ಲಗ್ನಪತ್ರಿಕೆಯಾದರೂ ಸರಿ. ಮೂವತ್ತೇಳು ವಯಸ್ಸಿನವನಾಗಿಯೂ ಅವನು ಆ ರೂಢಿಯನ್ನು ಮೀರಲಿಲ್ಲ. ಒಯ್ದು ಅಪ್ಪಾಜಿಗೇ ಕೊಟ್ಟ. ಮುರುಗೆಪ್ಪನವರು ಲಕೋಟೆಯನ್ನು ಹಿಂದೆ ಮುಂದೆ ತಿರುವಿ ನೋಡಿ, ತೆರೆಯದೆ ಅವನಿಗೇ ಹಿಂದಕ್ಕೆ ಕೊಟ್ಟರು. ಒಂದು ವರ್ಷ ತಡೆ, ಇನ್ನೊಂದು ಕಾಲೇಜಿನಲ್ಲಿ ಸೀಟು ಕೊಡಿಸುತ್ತೇನೆ, ಬಂದರೆ ಡಾಕ್ಟರಾಗಿಯೇ ಬರಲಿ ಎಂದರು. ನಿಮ್ಮವ್ವನಿಗೆ ಹೇಳಿದರೆ ನನ್ನ ಹೆಣ ನೋಡುತ್ತೀ ಎಂದೂ ಸೇರಿಸಿದರು. ಸ್ಟೆಂಟು ಹಾಕಿಸಿಕೊಂಡು ಆಗಿನ್ನೂ ತಿಂಗಳಾಗಿರಲಿಲ್ಲ.

"ಅವರು ಹೋಗಿ ನಾಕು ವರ್ಷ ಆತಲ್ಲೋ."

"ಅದಽ ಆಂಟಿ. ಅವರು ಹೋದ ದಿನಾನಽ ಕೊಡಬೇಕಿತ್ತು. ಐದು ವರ್ಷ ಎಲ್ಲಿತ್ತು ಅಂತ ಅವ್ವ ಕೇಳಿದ್ರ ಏನನ್ಲಿ ಅಂತ ಹೆದರಿದೆ. ಆಮ್ಯಾಲೆ ಆರಾತು, ಎಂಟಾತು. ತಡಾ ಆದಷ್ಟೂ ಕೊಡೂದು ಕಠಿಣ ಆತು."

"ಆ ಹುಡುಗಿಗೆ ಏನಂದಿ? ಅಕಿ ಕೇಳಿರಬೇಕಲ್ಲ."

ಅವನು ಕಿಟಕಿಯ ಗಾಜಿಗೆ ಹಣೆ ಒತ್ತಿದ. 

"ಅವ್ವ ಓದಿದಾಳ, ಇನ್ನೂ ಸಿಟ್ಟು ಇಳಿದಿಲ್ಲ ಅಂದೆ. ಆಮ್ಯಾಲೆ ಅಕಿ ಫೋನ್ ಮಾಡ್ಲಿಲ್ಲ."

ಬೈಯಬೇಕೆಂದು ಬಾಯಿಗೆ ಬಂದದ್ದನ್ನು ಶೈಲಮ್ಮ ನುಂಗಿಕೊಂಡಳು. ಒಂಬತ್ತು ವರ್ಷದಿಂದ ಆ ದಡದಲ್ಲಿ ಮಗಳು ಅವ್ವನ ಕರೆಗೆ ಕಾದಿದ್ದಳು, ಈ ದಡದಲ್ಲಿ ಅವ್ವ ಮಗಳ ದನಿಗೆ ಕಾದಿದ್ದಳು; ನಡುವೆ ಒಂದು ಲಕೋಟೆ ಕೊಡದೆ ಉಳಿದು ಮಲಗಿತ್ತು. ತಾನು ಬೈಯಲು ಯಾವ ಮುಖ? ಅದೇ ನಿಲ್ದಾಣದ ಇನ್ನೊಂದು ಕೌಂಟರಿಗೆ ವಾರಕ್ಕೆ ನಾಲ್ಕು ಸಲ ಫೋನು ಮಾಡಿದವಳು ತಾನು.

ಅಲ್ಲಿಂದಲೇ ಐವಿಗೆ ಫೋನು ಹಚ್ಚಿದಳು. ಐವಿಯೂ ನಿವೃತ್ತಳಾಗಿ ಮೂರು ವರ್ಷ. ಹೆಸರು ಹೇಳುತ್ತಲೇ ಆಕೆಗೆ ಗುರುತು ಸಿಕ್ಕಿತು. ಸೌ ಅಲ್ಲವೇ, ತನ್ನ ಚಿಕ್ಕಪ್ಪನ ಮಗಳ ಮನೆಯಲ್ಲೇ ಬಾಡಿಗೆಗೆ ಇರುವ ಹುಡುಗಿ ಎಂದಳು. ತಾನು ಹೋಗಿ ಮಾತಾಡಿಸಿ, ಒಂದು ಗಂಟೆಯೊಳಗೆ ತಿಳಿಸುತ್ತೇನೆ ಎಂದಳು. ಶೈಲಮ್ಮ ಫೋನು ಇಟ್ಟು ಕಣ್ಣು ಮುಚ್ಚಿಕೊಂಡಳು. ಹನ್ನೊಂದು ವರ್ಷದ ಹಿಂದೆಯೂ ಇದಕ್ಕೆ ಇಷ್ಟೇ ಹೊತ್ತು ಸಾಕಾಗುತ್ತಿತ್ತು.

*

ಲಕೋಟೆ ಅವನ ಪಾಸ್‌ಪೋರ್ಟುಗಳ ಫೈಲಿನಲ್ಲಿತ್ತು. ಮೂಲೆಗಳು ಹಳದಿಗಟ್ಟಿದ್ದವು. ಮೇಲೆ ನೀಲಿ ಶಾಯಿಯಲ್ಲಿ "ಅವ್ವಗ" ಎಂದಷ್ಟೇ ಇತ್ತು. ಅಂಟು ಬಿಟ್ಟಿರಲಿಲ್ಲ; ಯಾರೂ ತೆರೆದಿರಲಿಲ್ಲ.

ಆಪರೇಷನ್ ಮುಗಿಯಲಿ, ಆಮೇಲೆ ಕೊಡೋಣ ಎಂದು ಬಸವಪ್ರಸಾದ್ ಬೇಡಿಕೊಂಡ. ಈಗ ಓದಿ ಅವಳ ಎದೆಗೆ ಏನಾದರೂ ಆದರೆ?

"ಓದದಽ ಏನಾದರೂ ಆದ್ರ?" ಎಂದಳು ಶೈಲಮ್ಮ.

ಹಾಗಾದರೆ ನೀವೇ ಒಯ್ದು ಕೊಡಿ, ಅವ್ವ ಅದನ್ನು ಓದುವಾಗ ಎದುರಿಗೆ ನಿಲ್ಲಲು ತನ್ನಿಂದಾಗದು ಎಂದ. ಮೇಜಿನ ಮೇಲೆ ಅವಳ ಕಡೆ ಲಕೋಟೆ ಸರಿಸಿದ. ಅವಳು ಮುಟ್ಟಲಿಲ್ಲ.

"ಇಪ್ಪತ್ತೆರಡು ವರ್ಷ ಮಂದಿ ಕಳಕೊಂಡದ್ದನ್ನ ಮಂದಿಗೆ ಮುಟ್ಟಿಸೀನಿ. ಇದು ಕಳದದ್ದಲ್ಲಪ್ಪ, ಇಟ್ಟುಕೊಂಡದ್ದು. ಇಟ್ಟುಕೊಂಡವನಽ ಮುಟ್ಟಿಸಬೇಕು."

ಕಡೆಗೆ ಅವನೇ ಒಂದು ದಾರಿ ಹುಡುಕಿದ. ಎಕ್ಸ್‌ಪ್ರೆಸ್ ಅಂಚೆಯಲ್ಲಿ ಹಾಕಿದರೆ ನಾಳೆ ಮಧ್ಯಾಹ್ನದೊಳಗೆ ಹಿಲ್ಸ್‌ಬರೋ ಮುಟ್ಟುತ್ತದೆ. ಅದು ಹೇಡಿಯ ದಾರಿ ಎಂದು ಶೈಲಮ್ಮನಿಗೆ ಗೊತ್ತಿತ್ತು. ಆದರೂ ಒಂಬತ್ತು ವರ್ಷದಲ್ಲಿ ಅವನು ತಾನಾಗಿ ಎತ್ತಿಟ್ಟ ಮೊದಲ ಹೆಜ್ಜೆ. ತಲೆಯಾಡಿಸಿದಳು.

ಇಬ್ಬರೂ ನಡೆದುಕೊಂಡೇ ಅಂಚೆ ಕಚೇರಿಗೆ ಹೋದರು. ಕೊರಿಯನ್ ಅಜ್ಜಿಯೊಬ್ಬಳು ದೊಡ್ಡ ಪೆಟ್ಟಿಗೆಗೆ ಟೇಪು ಸುತ್ತಿಸಿಕೊಳ್ಳುತ್ತಿದ್ದಳು. ಅವಳ ಹಿಂದೆ ನಿಂತರು. ಬಸವಪ್ರಸಾದ್ ದೊಡ್ಡ ಲಕೋಟೆಯ ಮೇಲೆ ಅವ್ವನ ವಿಳಾಸ ಬರೆದ. ಕಳಿಸುವವರ ಹೆಸರಿನ ಜಾಗದಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು, ಆಮೇಲೆ ತನ್ನ ಹೆಸರು ಬರೆದ. ಒಂದು ಚೀಟಿ ಕೇಳಿ ತೆಗೆದುಕೊಂಡು, ಮಕ್ಕಳ ಅಕ್ಷರದಂಥ ದಪ್ಪ ಕನ್ನಡದಲ್ಲಿ ಎರಡು ಸಾಲು ಗೀಚಿ ಅವಳಿಗೆ ತೋರಿಸಿದ.

*ಅವ್ವಾ, ಇದು ಒಂಬತ್ತು ವರ್ಷ ನನ್ನ ಹತ್ರ ಇತ್ತು. ತಪ್ಪು ನಂದು. ಸೌಜು ಬದುಕ್ಯಾಳ.*

ಶೈಲಮ್ಮ ಓದಿ ಹಿಂದಕ್ಕೆ ಕೊಟ್ಟಳು. ರೇಣಕ್ಕ ಕೇಳಿದ ಎರಡರಲ್ಲಿ ಒಂದು ಮಾತು ಅಲ್ಲಿತ್ತು. ಅವನು ಎರಡನ್ನೂ ಒಳಗೆ ಸೇರಿಸಿ, ಬಾಯಿ ಅಂಟಿಸಿ, ಕೌಂಟರಿನ ಹೆಂಗಸಿನ ಮುಂದಿಟ್ಟ.

ಆಗ ಶೈಲಮ್ಮನ ಫೋನು ನಡುಗಿತು. ಐವಿ ಬರೆದಿದ್ದಳು. ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲು ಓದಿದಳು.

ಸೌ ಇಲ್ಲಿಲ್ಲ. ಕೆಲಸ ಬಿಟ್ಟು, ಸೆಪ್ಟೆಂಬರ್ ಹದಿನೇಳಕ್ಕೆ ನೆವಾರ್ಕಿನ ವಿಮಾನ ಹತ್ತಿದಳಂತೆ. ತಾಯಿ ಕರೆದಿದ್ದಾಳೆ ಎಂದು ಎಲ್ಲರನ್ನೂ ತಬ್ಬಿಕೊಂಡು ಅತ್ತಳಂತೆ. ತಾಯಿಯಿಂದ ಬಂದ ಪತ್ರವನ್ನು ನನ್ನ ತಂಗಿಗೂ ತೋರಿಸಿದ್ದಾಳೆ. ನಿಮ್ಮ ದುಂಡನೆಯ ಲಿಪಿಯಲ್ಲಿದ್ದ ಪತ್ರ. ಇಳಿದ ಕೂಡಲೇ ಫೋನು ಮಾಡುತ್ತೇನೆ ಎಂದವಳು ಇವತ್ತಿನವರೆಗೂ ಮಾಡಿಲ್ಲ. ನಿಮ್ಮಲ್ಲಿ ಕ್ಷೇಮವಾಗಿದ್ದಾಳೆ ತಾನೆ?

ಇವತ್ತು ಅಕ್ಟೋಬರ್ ಎಂಟು. ಮೂರು ವಾರ.

ರೇಣಕ್ಕ ಯಾವ ಪತ್ರವನ್ನೂ ಬರೆದಿರಲಿಲ್ಲ. ಮಗಳು ಇದ್ದಾಳೆಂದೇ ಅವಳಿಗೆ ಗೊತ್ತಿರಲಿಲ್ಲ. ಮತ್ತೆ ಅವಳ ಹೆಸರಿನಲ್ಲಿ ಕನ್ನಡದಲ್ಲಿ ಕರೆ ಬರೆದವರು ಯಾರು? ನೆವಾರ್ಕಿನಲ್ಲಿ ಇಳಿದ ಆ ಹುಡುಗಿಯನ್ನು ಎದುರುಗೊಂಡವರು ಯಾರು?

ಶೈಲಮ್ಮ ಬಸವಪ್ರಸಾದನ ಮುಖ ನೋಡಿದಳು. ಹುಡುಗಿ ಅಲ್ಲಿರುವುದು ಗೊತ್ತಿದ್ದವನು, ಅವಳು ತಿಳಿದ ಮಟ್ಟಿಗೆ, ಇವನೊಬ್ಬನೇ. ಅವನು ಕಾರ್ಡು ಒತ್ತಿ, ದಣಿದವನಂತೆ ಕೌಂಟರಿಗೆ ಒರಗಿದ್ದ. ಆ ಮುಖದಲ್ಲಿ ಹಗುರವಿತ್ತು. ಅದು ನಿಜವಾದ ಹಗುರವೋ ಬೇರೆ ಏನೋ, ಈ ಗಳಿಗೆ ಅವಳಿಗೆ ಹೇಳಲು ಬರಲಿಲ್ಲ.

ಕೌಂಟರಿನ ಹೆಂಗಸು ಲಕೋಟೆಯ ಮೇಲೆ ಚೀಟಿ ಅಂಟಿಸಿ, ಕೈಯಲ್ಲಿ ಹಿಡಿದುಕೊಂಡು, ಇಷ್ಟೇ ತಾನೆ ಎಂದು ಇಬ್ಬರನ್ನೂ ನೋಡಿದಳು. ಇನ್ನೂ ವಾಪಸು ಕೇಳಬಹುದಿತ್ತು. "ಬದುಕ್ಯಾಳ" ಎಂಬ ಮಾತಿಗೆ ಮೂರು ವಾರದ ಹಿಂದಿನವರೆಗೆ ಮಾತ್ರ ಸಾಕ್ಷಿಯಿತ್ತು.

ಆದರೆ ಒಳಗಿನ ಪತ್ರ ರೇಣಕ್ಕನದು. ಅದನ್ನು ತಡೆಯಲು ಅಪ್ಪನಿಗೆ ಒಂದು ಕಾರಣವಿತ್ತು, ಮಗನಿಗೆ ಒಂದು ಕಾರಣವಿತ್ತು. ಈಗ ತನಗೂ ಒಂದು ಕಾರಣ ಸಿಕ್ಕಿದೆ, ಎಲ್ಲಕ್ಕಿಂತ ಒಳ್ಳೆಯ ಕಾರಣ.

ಶೈಲಮ್ಮ ಫೋನನ್ನು ಮಗುಚಿ ಅಂಗೈಯಲ್ಲಿ ಬಚ್ಚಿಟ್ಟಳು.

"ಇಷ್ಟೇ," ಎಂದಳು. "ಕಳಿಸಿ."

ಹೆಂಗಸು ಹಿಂದಕ್ಕೆ ತಿರುಗಿ ಲಕೋಟೆಯನ್ನು ಹೋಗುವ ಟಪಾಲಿನ ತೊಟ್ಟಿಗೆ ಹಾಕಿದಳು.